ಭಾವನ ಮಷೀನಿನ ಸದ್ದು

14 ಜೂನ್ 1970, ಭಾನುವಾರ

ಇಂಗ್ಲೆಂಡಿನಿಂದ ಮೋನಪ್ಪ ಭಾವನ ಟೇಪು ಬಂದಿದೆ, ಹಾಗಾಗಿ ಇವತ್ತು ನಮ್ಮ ಮನೆಯಲ್ಲಿ ಹಬ್ಬ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಕೂಡಲೇ ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಸಪ್ಲಾಯರ್ ಕೊರಗಪ್ಪನಿಗೆ ಒಪ್ಪಿಸಿ ಮೆಟ್ಟಿಲು ಹತ್ತಿ ಬಂದರು. ನೀಲಾವತಿ ಅತ್ತೆ ಒಗೆದ ಸೀರೆ ಉಟ್ಟು, ಎಲೆಯಡಿಕೆಯ ತಟ್ಟೆ ಪಕ್ಕಕ್ಕಿಟ್ಟುಕೊಂಡು, ಮಗನೇ ಎದುರಿಗೆ ಕೂತಿದ್ದಾನೋ ಎಂಬಂತೆ ಟೇಪ್ ರೆಕಾರ್ಡರಿನ ಮುಂದೆ ಕೂತರು. ಅತ್ತೆಗೆ ಓದು ಬರುವುದಿಲ್ಲ. ಅದಕ್ಕೇ ಅವನು ಕಾಗದ ಬರೆಯುವ ಬದಲು ಮಾತನ್ನೇ ಸುತ್ತಿ ಕಳಿಸುತ್ತಾನೆ. ರೆಕಾರ್ಡರನ್ನೂ ಅವನೇ ಊರಿನವರೊಬ್ಬರ ಕೈಯಲ್ಲಿ ಕಳಿಸಿದ್ದು. ಅದನ್ನು ನಡೆಸಲು ಈ ಮನೆಯಲ್ಲಿ ಬರುವುದು ನನಗೊಬ್ಬಳಿಗೇ. ಅಂದರೆ ಅವನ ವೈಭವವನ್ನು ನಾನೇ ಕೈಯಾರೆ ಎಲ್ಲರಿಗೂ ಬಡಿಸಬೇಕು.

ಬೆಳಿಗ್ಗೆ ಯುನಿವರ್ಸಿಟಿಯಲ್ಲಿ ಪಾಠವಂತೆ, ಮಧ್ಯಾಹ್ನ ಲ್ಯಾಬ್ ಅಂತೆ, ಸಂಜೆ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸವಂತೆ. ತಟ್ಟೆಯ ಮಾತು ಬಂದಾಗ ಅತ್ತೆ ಕಣ್ಣೊರೆಸಿಕೊಂಡರು. ಅಪ್ಪ ಮಾತ್ರ, "ಅಳಿಯ ಯಾರದ್ದು? ಎಲ್ಲಿಗೆ ಹೋದ್ರೂ ಹೋಟೆಲು ಬಿಡ್ಲಿಕ್ಕುಂಟಾ?" ಎಂದು ಹಿಗ್ಗಿದರು. ತಂಗಿ ವಿನೋದಿನಿ ಎಂದಿನಂತೆ ಗೋಡೆಗೊರಗಿ ತೂಕಡಿಸುತ್ತಿದ್ದಳು.

ಕೊನೆಗೆ ಅವನು, "ಈಗ ನಮ್ಮ ಕಂಪ್ಯೂಟರಿನ ಸದ್ದು ಕೇಳಿ" ಎಂದ. ಕಾರ್ಡುಗಳನ್ನು ಸರಸರನೆ ಒಳಗೆಳೆದುಕೊಳ್ಳುವ ಸದ್ದು, ಅದರ ಹಿಂದೆಯೇ ಪ್ರಿಂಟರಿನ ಪಟಪಟ. "ನಮ್ಮ ಹಿಟ್ಟಿನ ಗಿರಣಿಯ ಹಾಗೇ ಉಂಟು" ಎಂದರು ಅತ್ತೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು.

15 ಜೂನ್

ಎರಡು ವರ್ಷದಿಂದ ವಿಕ್ರೋಳಿಯ ಕಂಪನಿಯಲ್ಲಿ ನಾನು ಮಾಡುತ್ತಿರುವುದು ಕಾರ್ಡಿಗೆ ತೂತು ಹೊಡೆಯುವ ಕೆಲಸ. ಕೆಲಸಗಾರರ ಸಂಬಳ, ಗೋದಾಮಿನ ಸಾಮಾನು, ಎಲ್ಲವನ್ನೂ ಟೈಪು ಮಾಡಿದ ಹಾಗೆ ಕಾರ್ಡಿನ ಮೇಲೆ ಪಂಚ್ ಮಾಡುತ್ತೇವೆ. ಆ ಕಾರ್ಡುಗಳು ಗಾಜಿನ ಗೋಡೆಯ ಆಚೆಗಿನ ತಣ್ಣನೆಯ ಕೋಣೆಗೆ ಹೋಗುತ್ತವೆ. ಅಲ್ಲಿ ಕಂಪ್ಯೂಟರ್ ಇದೆ. ಪಂಚಿಂಗ್ ಹುಡುಗಿಯರಿಗೆ ಒಳಗೆ ಪ್ರವೇಶವಿಲ್ಲ. ನನ್ನ ಕಾರ್ಡುಗಳಿಗೆ ಒಳಗೆ ಏನಾಗುತ್ತದೆ ಎಂದು ನಾನು ನೋಡಿಲ್ಲ. ಭಾವ ಮಷೀನಿಗೆ ಹೇಳುವವನಾಗುತ್ತಾನೆ, ನಾನು ತೂತು ಹೊಡೆಯುವವಳಾಗಿಯೇ ಇರುತ್ತೇನೆ.

ಪಕ್ಕದ ಸೀಟಿನ ಮರಾಠಿ ಹುಡುಗಿ, ನಿನ್ನ ಅಪ್ಪ ನಿನ್ನನ್ನೇ ಯಾಕೆ ಕಳಿಸಲಿಲ್ಲ ಎಂದು ಕೇಳಿದಳು. ನಮ್ಮದು ಅಳಿಯಕಟ್ಟು, ನನ್ನ ಅಪ್ಪನ ದುಡಿಮೆಗೆ ವಾರಸುದಾರ ಅವರ ಅಕ್ಕನ ಮಗ, ನಾವು ಮಕ್ಕಳು ಅಮ್ಮನ ಕುಟುಂಬದ ಲೆಕ್ಕ, ನಮ್ಮ ಮೇಲೆ ಅಧಿಕಾರ ಸೋದರಮಾವನದು ಎಂದೆಲ್ಲ ವಿವರಿಸಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅದರ ಮೇಲೆ ಆ ವಾರಸುದಾರನನ್ನೇ ನಾನು ಮದುವೆಯಾಗಬೇಕು, ಇದು ನಾನು ತೊಟ್ಟಿಲಲ್ಲಿದ್ದಾಗ ಆದ ಮಾತು ಎಂದಾಗ, "ಮಗ್ ಕಾಯ್ ಪ್ರಾಬ್ಲೆಮ್?" ಎಂದಳು, ಹಾಗಾದರೆ ತೊಂದರೆ ಏನು ಎಂದು. ಅವಳಿಗೆ ಹೇಗೆ ಹೇಳಲಿ? ಚಿಕ್ಕವರಿದ್ದಾಗ ಹೋಟೆಲಿನ ರೇಡಿಯೋ ಕೆಟ್ಟಿತ್ತು. ಅವನು ಬಿಚ್ಚಿ ಹರಡಿದ. ಮತ್ತೆ ಜೋಡಿಸಿ ಹಾಡಿಸಿದವಳು ನಾನು. ಅಪ್ಪ ಬೆನ್ನು ತಟ್ಟಿದ್ದು ಅವನದು.

19 ಜುಲೈ, ಭಾನುವಾರ

ಮಳೆಗೆ ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಮೂರು ದಿನ ಆಫೀಸು ಇರಲಿಲ್ಲ. ಕೈಗೆ ಕೆಲಸವಿಲ್ಲದೆ ಟೇಪು ಹಾಕಿ ಕೇಳಿದೆ. ಅವನ ಮಾತುಗಳನ್ನು ಓಡಿಸಿ ಮಷೀನಿನ ಸದ್ದಿಗೆ ಬಂದು ನಿಲ್ಲಿಸುವುದು, ಕೇಳುವುದು, ಮತ್ತೆ ಹಿಂದಕ್ಕೆ ಸುತ್ತುವುದು. ಸರಿಯಾದ ಜಾಗ ಸಿಗದೆ ಪ್ರತಿ ಸಲವೂ ಅವನ ಒಂದೆರಡು ಮಾತು ಕೇಳಲೇಬೇಕಾಗುತ್ತದೆ. "ಇಲ್ಲಿ ಚಳಿ ಅಂದ್ರೆ ಚಳಿ, ಅನ್ನ ಬಡಿಸುವಷ್ಟರಲ್ಲಿ ತಣ್ಣಗಾಗ್ತದೆ" ಎನ್ನುವುದು ಈಗ ನನಗೆ ಬಾಯಿಪಾಠ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದ್ದಾರೆ. ಸಂಜೆ ಅಪ್ಪನ ಎದುರು ಮೂಗೊರೆಸಿಕೊಳ್ಳುತ್ತ, "ಕಾಂತಪ್ಪ, ಹುಡುಗಿಗೆ ಅವನ ಸ್ವರ ಕೇಳದೆ ಊಟ ಸೇರುವುದಿಲ್ಲ. ಇನ್ನು ತಡ ಮಾಡುವುದು ಪಾಪ" ಎಂದರು. ಅಪ್ಪನ ಕಣ್ಣೂ ಒದ್ದೆಯಾಯಿತು. ಮೇ ತಿಂಗಳಲ್ಲಿ ಅವನ ಓದು ಮುಗಿಯುತ್ತದೆ, ಬಂದು ತಾಳಿ ಕಟ್ಟಿ ನನ್ನನ್ನು ಕರೆದುಕೊಂಡು ಹೋಗಲಿ ಎಂದು ನಿಂತ ನಿಲುವಿನಲ್ಲೇ ತೀರ್ಮಾನವಾಯಿತು.

ನಾನು ಬಾಯಿ ಬಿಡಲಿಲ್ಲ. ಏನೆಂದು ಬಿಡಲಿ? ನಾನು ಕೇಳುತ್ತಿದ್ದದ್ದು ನಿಮ್ಮ ಮಗನನ್ನಲ್ಲ, ಅವನ ಹಿಂದಿನ ಸದ್ದನ್ನು ಎಂದರೆ ನನ್ನನ್ನು ಠಾಣೆ ಊರಿನ ಹುಚ್ಚಾಸ್ಪತ್ರೆಗೆ ಕಳಿಸುತ್ತಾರೆ.

9 ಆಗಸ್ಟ್, ಭಾನುವಾರ

ಉತ್ತರದ ಟೇಪು ತುಂಬಿಸಿದೆವು. ಅಪ್ಪ ಹೋಟೆಲಿನ ಸುದ್ದಿ, ಅಮ್ಮ ಹವೆಯ ಸುದ್ದಿ, ಅತ್ತೆ ಎಣ್ಣೆಸ್ನಾನದ ಸುದ್ದಿ ಹೇಳಿ ಮುಗಿಸಿದ ಮೇಲೆ, "ನೀನೂ ಮಾತಾಡು ಮಗಾ, ನಾಚಿಕೆ ಬೇಡ" ಎಂದು ಅತ್ತೆ ಮೈಕನ್ನು ನನ್ನ ಕೈಗಿಟ್ಟರು. ನಾನು ಕೇಳಿದೆ:

"ಭಾವ, ನಮಸ್ಕಾರ. ನಿಮ್ಮ ಮಷೀನಿಗೆ ಒಂದು ಸಲಕ್ಕೆ ಎಷ್ಟು ನೆನಪಿಟ್ಟುಕೊಳ್ಳಲಿಕ್ಕೆ ಆಗ್ತದೆ? ಪ್ರೋಗ್ರಾಮಿನಲ್ಲಿ ತಪ್ಪಿದ್ರೆ ಅದು ನಿಲ್ತದಾ, ಅಲ್ಲ ತಪ್ಪನ್ನೇ ಮಾಡಿಕೊಂಡು ಹೋಗ್ತದಾ? ನೀವು ಬರೆಯುವುದು ಯಾವ ಭಾಷೆಯಲ್ಲಿ? ಅದನ್ನು ಮನೆಯಲ್ಲಿ ಕೂತು ಕಲೀಲಿಕ್ಕೆ ಆಗ್ತದಾ?"

ಅತ್ತೆಯ ಮುಖದಲ್ಲಿ ಧನ್ಯತೆ. ಆಮೇಲೆ ಅಡುಗೆಮನೆಯಲ್ಲಿ ಅಮ್ಮ, "ಪಾಪ, ಎಲ್ಲರ ಎದುರು ಮತ್ತೆಂತ ಕೇಳ್ತಾಳೆ" ಎಂದು ಅತ್ತೆಗೆ ಹೇಳುತ್ತಿದ್ದಳು.

31 ಆಗಸ್ಟ್

ಆಫೀಸಿನ ಬೋರ್ಡಿನಲ್ಲಿ ನೋಟಿಸು ಹಾಕಿದ್ದಾರೆ. ಪ್ರೋಗ್ರಾಮರ್ ಟ್ರೇನಿಗಳು ಬೇಕಂತೆ. ಕಂಪನಿಯ ಒಳಗಿನವರೂ ಪರೀಕ್ಷೆಗೆ ಕೂರಬಹುದಂತೆ, ಹೆಂಗಸರು ಕೂಡದು ಎಂದು ಎಲ್ಲೂ ಬರೆದಿಲ್ಲ. ಎರಡೆರಡು ಸಲ ಓದಿದೆ. ಹೆಸರು ಕೊಟ್ಟು ಬಂದೆ. ಮನೆಯಲ್ಲಿ ಹೇಳಿಲ್ಲ.

12 ಸೆಪ್ಟೆಂಬರ್

ಪರೀಕ್ಷೆ ಆಯಿತು. ಒಂದು ಪ್ರಶ್ನೆ: ಒಬ್ಬ ಮನುಷ್ಯ ಮನೆಯಿಂದ ಆಫೀಸಿಗೆ ಬರುವುದನ್ನು ಹಂತ ಹಂತವಾಗಿ, ಏನೂ ಬಿಡದೆ ಬರೆಯಿರಿ. ನಾನು ವಡಾಲದಿಂದ ಹೊರಟೆ. ಹಾರ್ಬರ್ ಲೈನಿನ ಗಾಡಿ ತಡವಾದರೆ ಏನು, ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಲೇಡೀಸ್ ಡಬ್ಬಿಗೆ ಕಾಲಿಡಲಾಗದಿದ್ದರೆ ಏನು, ಹಳಿಯ ಮೇಲೆ ನೀರು ಬಂದರೆ ಎಲ್ಲಿಂದ ಹಿಂದಿರುಗಬೇಕು, ಎಲ್ಲಕ್ಕೂ ದಾರಿ ಬರೆದೆ. ಕಾಗದ ಸಾಲದೆ ಮತ್ತೆ ಕೇಳಿ ತೆಗೆದುಕೊಂಡೆ. ಪಕ್ಕದವನು ಟ್ಯಾಕ್ಸಿ ಹತ್ತಿ ಅರ್ಧ ಪುಟದಲ್ಲಿ ಆಫೀಸು ಮುಟ್ಟಿದ್ದ.

20 ಸೆಪ್ಟೆಂಬರ್, ಭಾನುವಾರ

ಟೇಪು ಬಂತು. ನನ್ನ ಪ್ರಶ್ನೆಗಳಿಗೆ ಒಂದಾದ ಮೇಲೊಂದರಂತೆ ಉತ್ತರ ಹೇಳಿದ್ದಾನೆ. ಮಷೀನು ತಪ್ಪನ್ನು ತಪ್ಪೆಂದು ತಿಳಿಯುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ, ಹಾಗಾಗಿ ಹೇಳುವವರೇ ಜಾಗ್ರತೆಯಿಂದ ಇರಬೇಕು ಎಂದ. ಕಲಿಯಲು ಒಂದು ಪುಸ್ತಕ ಕಳಿಸುತ್ತಾನಂತೆ. ಇಂಥ ಪ್ರಶ್ನೆ ತನ್ನ ತರಗತಿಯಲ್ಲೂ ಯಾರೂ ಕೇಳುವುದಿಲ್ಲ ಎಂದ.

ಅವನು ಒಳ್ಳೆಯವನಾಗಿರುವುದೇ ನನಗೆ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಹೊಟ್ಟೆಕಿಚ್ಚು ಪಡಲು ಎಷ್ಟು ಸಲೀಸಾಗಿರುತ್ತಿತ್ತು. ಸ್ವರ ಸ್ವಲ್ಪ ಬಿದ್ದಿದೆ, ಶೀತ ಆಗಿರಬೇಕು. ಅತ್ತೆ ಗಮನಿಸಲಿಲ್ಲ.

15 ಅಕ್ಟೋಬರ್, ಗುರುವಾರ

ಪಾಸಾಗಿದ್ದೇನೆ. ಪಂಚಿಂಗ್ ವಿಭಾಗದಿಂದ ಆರಿಸಿದ್ದು ನನ್ನೊಬ್ಬಳನ್ನೇ.

ಜನವರಿಯಿಂದ ತರಬೇತಿ. ಒಂದೇ ಷರತ್ತು, ಎರಡು ವರ್ಷ ಕೆಲಸ ಬಿಡುವುದಿಲ್ಲ ಎಂದು ಸಹಿ ಹಾಕಬೇಕು. ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗುವವಳು ಆ ಸಹಿ ಹಾಕುವ ಹಾಗಿಲ್ಲ.

ಅಪ್ಪನಿಗೆ ಹೇಳಿದೆ. ಅವರು ಗಲ್ಲಾದಲ್ಲಿ ಕೂತು ಚಿಲ್ಲರೆ ಜೋಡಿಸುತ್ತಿದ್ದರು. "ಮದುವೆ ಆದ ಮೇಲೆ ಅವನೇ ಕಲಿಸ್ತಾನಲ್ಲ ಮಾರಾಯ್ತಿ. ಮನೆಗೊಬ್ಬ ಕಲಿತ್ರೆ ಸಾಲದಾ?" ಎಂದರು.

"ಕಲಿತದ್ದನ್ನು ಮಾಡ್ಲಿಕ್ಕೆ ನನಗೆ ಅಲ್ಲಿ ಮಷೀನು ಯಾರು ಕೊಡ್ತಾರೆ ಅಪ್ಪ?"

ಅವರು ನನ್ನ ಮುಖ ನೋಡಲಿಲ್ಲ. "ಅಕ್ಕನಿಗೆ ನಾನು ಎದುರು ಹೇಳ್ಲಿಕ್ಕೆ ಆಗುವುದಿಲ್ಲ. ಹೇಳುವ ಅಧಿಕಾರವೂ ನನ್ನದಲ್ಲ. ನೀನು ನಿನ್ನ ಸೋದರಮಾವ ಪೂವಪ್ಪನ ಕುಟುಂಬದವಳು. ಅವ ಕೊಡುವುದಿಲ್ಲ ಅಂದ್ರೆ ಮುಗೀತು" ಎಂದು ಚಿಲ್ಲರೆಯನ್ನು ಪೆಟ್ಟಿಗೆಗೆ ಸುರಿದು, "ನಾನು ಹೇಳಿದೆ ಅಂತ ಹೇಳ್ಬೇಡ" ಎಂದರು.

ಇಷ್ಟು ವರ್ಷ ನನ್ನ ಪಾಲನ್ನೆಲ್ಲ ಅವನ ಎಲೆಗೆ ಬಡಿಸಿದ ಅದೇ ಕಟ್ಟು. ಅದರಲ್ಲಿ ನನಗೂ ಒಂದು ಬಾಗಿಲಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

18 ಅಕ್ಟೋಬರ್, ಭಾನುವಾರ

ಪೂವಪ್ಪ ಮಾವ ಅಮ್ಮನ ಅಣ್ಣ, ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ, ಶಿವಡಿಯ ಚಾಳಿನಲ್ಲಿ ಒಬ್ಬರೇ ಇದ್ದಾರೆ. ನಾನು ಹೋದಾಗ ಬಾಗಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ಆ ಹುಡುಗ ಬೇಡವಾ ನಿನಗೆ?"

"ಭಾವ ಒಳ್ಳೆಯವರೇ ಮಾವ."

"ಮತ್ತೆ ಎಂತ?"

"ಅವರಿಗೆ ಸಿಕ್ಕಿದ್ದು ನನಗೂ ಬೇಕು."

"ಅಂದ್ರೆ ಹೊಟ್ಟೆಕಿಚ್ಚು."

"ಹೌದು."

ಮಾವ ಕತ್ತಿ ಕೆಳಗಿಟ್ಟರು. "ಸರಿ. ಸುಳ್ಳಾದ್ರೂ ಹೇಳ್ಲಿಲ್ಲ ನೀನು. ಒಂದೇ ಸಲ ಕೇಳ್ತೇನೆ, ಆಮೇಲೆ ಕೇಳುವವ ಅಲ್ಲ ನಾನು. ಅವನ ಮೇಲೆ ಮನಸ್ಸಿಲ್ಲವಲ್ಲ?"

ಅವರ ಮಾತು ಮುಗಿಯುವ ಮೊದಲೇ ಇಲ್ಲ ಎಂದೆ.

1 ನವೆಂಬರ್, ಭಾನುವಾರ

ಗೆದ್ದೆ.

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಚಾ ಮುಗಿದ ಮೇಲೆ, "ನಮ್ಮ ಹುಡುಗಿ ಇನ್ನೆರಡು ವರ್ಷ ಕೆಲಸ ಮಾಡ್ಬೇಕಂತೆ. ಮೇ ತಿಂಗಳಿಗೆ ಕೊಡ್ಲಿಕ್ಕೆ ಆಗುವುದಿಲ್ಲ" ಎಂದರು. ಅಷ್ಟೇ, ಕಾರಣ ಹೇಳುತ್ತ ಕೂರಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿದರು.

ಅತ್ತೆ ಅವರನ್ನು ಬಿಟ್ಟು ನನ್ನನ್ನು ಹಿಡಿದರು. "ಹಾಗಾದ್ರೆ ಟೇಪು ತಿರುಗಿಸಿ ತಿರುಗಿಸಿ ಕೇಳ್ತಾ ಇದ್ದದ್ದು ಎಂತಕ್ಕೆ?"

"ಮಷೀನಿನ ಸದ್ದು ಕೇಳ್ಲಿಕ್ಕೆ ಅತ್ತೆ."

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಮಡಚುತ್ತ, "ಅವ ಎರಡು ವರ್ಷ ಒಬ್ಬನೇ ಇರುವುದು ಬೇಡ. ಚಿಕ್ಕವಳಿದ್ದಾಳಲ್ಲ ಪೂವಪ್ಪ, ಅವಳನ್ನಾದ್ರೂ ಕೊಡ್ತೀಯಾ?" ಎಂದರು.

ಮಾವ ವಿನೋದಿನಿಯನ್ನು ಕರೆದು ಕೇಳಿದರು. ಅವಳು ತಲೆತಗ್ಗಿಸಿ, "ದೊಡ್ಡವರು ಹೇಳಿದ ಹಾಗೆ" ಎಂದಳು. ಅವಳ ಕಿವಿ ಕೆಂಪಾಗಿದ್ದದ್ದು ನನಗೆ ಕಾಣಿಸಿತು. ಟೇಪು ಹಾಕಿದಾಗಲೆಲ್ಲ ಕಣ್ಣು ಮುಚ್ಚಿ ಕೂರುತ್ತಿದ್ದವಳು ನಿಜಕ್ಕೂ ತೂಕಡಿಸುತ್ತಿದ್ದಳೇ?

ಎಲೆಯಡಿಕೆ ಬದಲಾಯಿಸಿಕೊಂಡರು. ತಟ್ಟೆ ತಂದುಕೊಟ್ಟವಳು ನಾನೇ.

4 ನವೆಂಬರ್

ಸಹಿ ಹಾಕಿದೆ. ಎಲ್ಲರಿಗೂ ಪೇಡೆ ಹಂಚಿದೆ.

ಇನ್ನೊಂದು ವಿಷಯ, ಹೇಳಿಕೊಳ್ಳುವಂಥದ್ದೇನೂ ಅಲ್ಲ. ಇವತ್ತು ಬಂಗುಡೆ ಸಾರು ಮಾಡಿದ್ದರು. ನಡುವಿನ ದೊಡ್ಡ ತುಂಡನ್ನು ಅತ್ತೆ ಯಾವಾಗಲೂ ನನಗೇ ಹಾಕುತ್ತಿದ್ದರು. ಇವತ್ತು ಅದು ವಿನೋದಿನಿಯ ತಟ್ಟೆಗೆ ಹೋಯಿತು. ನನಗೆ ಬಂದದ್ದು ಬಾಲದ ತುಂಡು. ನನಗೇನೂ ಅನ್ನಿಸಲಿಲ್ಲ. ಬಾಲದ ತುಂಡಿಗೂ ಅದೇ ಮಸಾಲೆ. ಅವಳು ಮುಳ್ಳು ಬಿಡಿಸುತ್ತ ಬಹಳ ನಿಧಾನಕ್ಕೆ ತಿನ್ನುತ್ತಾಳೆ, ಅಷ್ಟು ನಿಧಾನ ಯಾಕೋ.

6 ಡಿಸೆಂಬರ್, ಭಾನುವಾರ

ಅವನ ಟೇಪು. ಮದುವೆಯ ಬದಲಾವಣೆ ಕೇಳಿ ಏನು ಹೇಳುತ್ತಾನೋ ಎಂದು ಎಲ್ಲರೂ ಕಾಯುತ್ತಿದ್ದರು. "ಅಮ್ಮ, ಮಾವ, ನಿಮಗೆಲ್ಲ ಸರಿ ಕಂಡದ್ದು ನನಗೂ ಸರಿಯೇ" ಎಂದ. ಅತ್ತೆ ಕೈಮುಗಿದರು.

ಆಮೇಲೆ ನನಗೆ: "ಮೋಹಿನಿ, ಪಾಸಾದದ್ದು ಕೇಳಿ ಬಹಳ ಸಂತೋಷ ಆಯ್ತು. ಪುಸ್ತಕ ಕಳಿಸಿದ್ದೇನೆ, ಮೂರನೇ ಅಧ್ಯಾಯದಿಂದ ಓದು, ಮೊದಲಿನ ಎರಡು ನಿನಗೆ ಬೇಡ." ನಾನು ಹಿಂದಿನ ಸಲ ಕೇಳಿದ್ದ ಪ್ರಶ್ನೆಗೂ ಉತ್ತರ ಹೇಳಿದ. ಬಿಡಿಸಿ, ಒಂದು ಉದಾಹರಣೆ ಕೊಟ್ಟು ಹೇಳಿದ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ತೊಟ್ಟಿಲಿನಿಂದ ಇದ್ದ ಮಾತು ಮುರಿದುಬಿತ್ತು, ಮನುಷ್ಯ ಒಂದು ಕಡೆಯಾದರೂ ತಡವರಿಸಬಹುದಿತ್ತು, ಅಷ್ಟೇ. ನಾನು ತಡವರಿಸಿದ್ದೇನೆಯೇ? ಇಲ್ಲ. ಆದರೆ ನಾನು ಬೇಡ ಎಂದವಳು, ಬೇಡವಾದವನು ಅವನು. ಲೆಕ್ಕ ಬೇರೆ.

4 ಜನವರಿ 1971, ಸೋಮವಾರ

ಗಾಜಿನ ಕೋಣೆಯ ಒಳಗೆ ಹೋದೆ. ಎಷ್ಟು ಚಳಿ ಎಂದರೆ ಮಧ್ಯಾಹ್ನ ಡಬ್ಬಿ ತೆರೆದಾಗ ಕೈಬೆರಳು ಮರಗಟ್ಟಿತ್ತು. ನಾಳೆಯಿಂದ ಅಮ್ಮನ ಶಾಲು ತರಬೇಕು. ಕಾರ್ಡು ಎಳೆದುಕೊಳ್ಳುವ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ನನ್ನ ಮೈಯೆಲ್ಲ ಅದೇ ಸದ್ದು. ನಾನು ಬಯಸಿದ್ದು ಇದನ್ನೇ, ಇದು ನನಗೆ ಸಿಕ್ಕಿದೆ, ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಗಾಡಿಯಲ್ಲಿ ಬರುವಾಗ ಭಾವನಿಗೆ ಇದನ್ನೆಲ್ಲ ಹೇಳಬೇಕು ಅನ್ನಿಸಿತು. ಅವನಿಗೇ ಅರ್ಥವಾಗುವುದು, ಬೇರೆ ಯಾರಿಗೆ? ಆದರೆ ಈಗ ಟೇಪಿನಲ್ಲಿ ಕೊನೆಗೆ ಮಾತಾಡುವ ಸರದಿ ವಿನೋದಿನಿಯದು. ನಡುವೆ ನುಗ್ಗಿ ಹೇಳಿದರೆ ಚೆನ್ನಾಗಿರುವುದಿಲ್ಲ.

10 ಜನವರಿ, ಭಾನುವಾರ

ವಿನೋದಿನಿ ನಿನ್ನೆಯಿಂದ ಬೆನ್ನು ಬಿದ್ದಿದ್ದಳು. "ಅಕ್ಕ, ನಾನೆಂತ ಮಾತಾಡ್ಲಿ ಅವರ ಹತ್ರ? ನನಗೆ ಕಂಪ್ಯೂಟರ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ನೀನು ಎಷ್ಟು ಚಂದ ಕೇಳ್ತಿದ್ದೆ. ಒಂದು ಪ್ರಶ್ನೆ ಹೇಳಿಕೊಡು."

ಹೇಳಿಕೊಟ್ಟೆ. ನನ್ನಲ್ಲಿ ಒಳ್ಳೆಯ ಪ್ರಶ್ನೆಗಳು ಬೇಕಾದಷ್ಟಿದ್ದವು. ಒಂದನ್ನೂ ಕೊಡಲು ಮನಸ್ಸಾಗಲಿಲ್ಲ. ಅವು ನನ್ನವು. ಆದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ಭಕ್ತಿಯಿಂದ ಬಾಯಿಪಾಠ ಮಾಡಿದಳು. ಸಂಜೆ ಮೈಕನ್ನು ಎರಡು ಕೈಯಲ್ಲಿ ಹಿಡಿದು ಕೇಳಿಯೂಬಿಟ್ಟಳು:

"ಭಾವ, ಮಷೀನಿಗೆ ಒಮ್ಮೆಗೇ ಜಾಸ್ತಿ ಕಾರ್ಡು ತಿನ್ನಿಸಿದ್ರೆ ಅಜೀರ್ಣ ಆಗ್ತದಂತೆ, ಹೌದಾ? ಆಗ ಅದಕ್ಕೆ ಎಂತ ಕೊಡ್ತೀರಿ? ಓಮದ ನೀರು ಕೊಟ್ರೆ ಆಗುವುದಿಲ್ಲವಾ?"

ಓಮದ ನೀರು ಅವಳ ಸ್ವಂತದ್ದು, ನಾನು ಹೇಳಿಕೊಟ್ಟದ್ದಲ್ಲ. ಅಪ್ಪ, ಅಮ್ಮ, ಅತ್ತೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಅಳಿಸಿ ಮತ್ತೆ ತುಂಬಿಸಬಹುದಿತ್ತು, ಆ ಕೆಲಸ ನನಗೊಬ್ಬಳಿಗೇ ಗೊತ್ತಿರುವುದು. ಅಳಿಸಲಿಲ್ಲ. ಅವನಿಗೆ ತಿಳಿಯಲಿ. ಯಾರನ್ನು ಬಿಟ್ಟು ಯಾರನ್ನು ಕಟ್ಟಿಕೊಳ್ಳುತ್ತಿದ್ದಾನೆ ಎಂದು ಒಮ್ಮೆ ಸರಿಯಾಗಿ ತಿಳಿಯಲಿ.

25 ಜನವರಿ

ನನ್ನ ಮೊದಲ ಪ್ರೋಗ್ರಾಮ್ ತಪ್ಪಿಲ್ಲದೆ ಓಡಿತು. ಮನೆಯಲ್ಲಿ ಹೇಳಿದೆ. ಅಪ್ಪ, "ಹೌದಾ, ಒಳ್ಳೇದಾಯ್ತು" ಎಂದರು. ಅತ್ತೆ ವಿನೋದಿನಿಗೆ ಜಡೆ ಹಾಕುತ್ತಿದ್ದರು. ಟೇಪು ಇನ್ನೂ ಬಂದಿಲ್ಲ.

21 ಫೆಬ್ರವರಿ, ಭಾನುವಾರ

ಇವತ್ತು ಬಂತು. ರೀಲನ್ನು ಮೊದಲು ತಿರುಗುಮುರುಗಾಗಿ ಸಿಕ್ಕಿಸಿದೆ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿರಲಿಲ್ಲ, ಅದಕ್ಕೇ ಇರಬೇಕು.

ಎಲ್ಲರ ಕ್ಷೇಮ ಕೇಳಿದ. ನನ್ನ ತರಬೇತಿಯ ಬಗ್ಗೆ ಒಂದು ಮಾತು ಕೇಳಿದ, ಮರ್ಯಾದೆಯಾಗಿಯೇ ಕೇಳಿದ. ಆಮೇಲೆ, "ವಿನೋದಿನಿ, ನಿನ್ನ ಓಮದ ನೀರು..." ಎಂದು ಶುರುಮಾಡಿ ಮುಂದೆ ಹೇಳಲಾಗದೆ ನಗತೊಡಗಿದ. ನಿಲ್ಲಿಸಿ ಮತ್ತೆ ಶುರುಮಾಡಿದ, ಮತ್ತೆ ನಗು. ಮಷೀನಿಗೆ ಅಜೀರ್ಣವಾದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಈ ಮಾತನ್ನು ಹೇಳಿದನಂತೆ, ಅವನ ಪ್ರೊಫೆಸರ್ ಕೂಡ ಈಗ ಓಮದ ನೀರು ತನ್ನಿ ಅನ್ನುತ್ತಾರಂತೆ. "ಈ ಊರಿಗೆ ಬಂದ ಮೇಲೆ ನಾನು ಹೀಗೆ ನಕ್ಕದ್ದೇ ಇಲ್ಲ ಮಾರಾಯ್ತಿ. ಬೇಗ ಬಾ ನೀನು" ಎಂದ. ಬೇಗ ಬಾ ಎನ್ನುವಾಗ ಅವನ ಸ್ವರ ತಡವರಿಸಿತು.

ಅತ್ತೆ ಅಳುತ್ತ ನಗುತ್ತಿದ್ದರು. ವಿನೋದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿಹೋದಳು. ಅಪ್ಪ, "ಇನ್ನೊಮ್ಮೆ ಹಾಕು ಮೋಹಿನಿ" ಎಂದರು. ಹಾಕಿದೆ.

ಅವನು ಹೀಗೆ ನಗುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅವನಿಗೆ ಎಷ್ಟೊಂದು ಕೇಳಿದ್ದೆ. ಎಲ್ಲದಕ್ಕೂ ಅವನು ಸರಿಯಾದ ಉತ್ತರ ಕೊಟ್ಟಿದ್ದ.